ಜಗಳಗಂಟರು ರಾಜಿಯಾದರೆ

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ಗೇಮ್ ಕನ್ಸೋಲ್ ಮಾಡುವವರ ವಿಷಯದಲ್ಲಿ ಆ ಮೂರನೆಯವರು ಇಷ್ಟು ವರ್ಷ ನಾವೇ ಆಗಿದ್ದೆವು. ಈಗ ನೋಡಿ, ಅವರವರೇ ರಾಜಿಯಾಗುತ್ತಿದ್ದಾರೆ, ರೇಟು ಮಾತ್ರ ಅಟ್ಟ ಹತ್ತುತ್ತಿದೆ. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂದದ್ದು, 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಹಳತಾದಂತೆ ಅಗ್ಗವಾಗೋದು ಲೋಕರೂಢಿ, ಅಲ್ವಾ? ಈಗಿನದು ಉಲ್ಟಾ. 2020ರಲ್ಲಿ 499 ಡಾಲರ್ ಇದ್ದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, 2025ರ ಅಕ್ಟೋಬರಿಗೆ 649 ಆಯಿತು. ಸೈಟಿನ ಬೆಲೆ ಹೀಗೆ ಏರುತ್ತದೆ ಅನ್ನಿ, ಗೇಮ್ ಪೆಟ್ಟಿಗೆಗೇನು ಬಂತು ರೋಗ? ಚಿಪ್ಪು ಮೊದಲಿನ ಹಾಗೆ ಅಗ್ಗವಾಗುತ್ತಿಲ್ಲವಂತೆ, ಅಮೆರಿಕದ ಸುಂಕವಂತೆ. ಇರಬಹುದು. ಎದುರಾಳಿಯ ಹೆದರಿಕೆ ಹೋದದ್ದೂ ಒಂದು ಕಾರಣ ಅಂತ ನನ್ನ ಗುಮಾನಿ.

ಆಗಿನ ಜಗಳಗಳೇ ಜಗಳ ಬಿಡಿ. 1991ರಲ್ಲಿ ಶಿಕಾಗೋದ ಮೇಳದಲ್ಲಿ ಸೋನಿಯವರು, ನಿಂಟೆಂಡೊ ಜೊತೆ ಸೇರಿ ಸಿ.ಡಿ. ಹಾಕುವ ಯಂತ್ರ ಮಾಡ್ತೀವಿ ಅಂತ ಸಾರಿದರು. ಮಾರನೆಯ ದಿನ ಅದೇ ಮೇಳದಲ್ಲಿ ನಿಂಟೆಂಡೊ, ‘ನಾವು ಫಿಲಿಪ್ಸ್ ಜೊತೆ’ ಅಂದುಬಿಟ್ಟಿತು! ಊರೆದುರಿಗೆ ಮುಖಭಂಗ. ಸೋನಿಯ ಎಂಜಿನಿಯರ್ ಕೆನ್ ಕುತರಾಗಿ ಬಿಟ್ಟಾರೆಯೇ? ಹಟಕ್ಕೆ ಬಿದ್ದರು, 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಬಂತು. ಮರುವರ್ಷ ಲಾಸ್ ಏಂಜಲೀಸಿನ ಮೇಳದಲ್ಲಿ ಸೆಗಾದವರು ತಮ್ಮ ಸ್ಯಾಟರ್ನ್‌ಗೆ 399 ಡಾಲರ್ ಅಂದರು. ಆಮೇಲೆ ಸೋನಿಯ ಸರದಿ. ಸ್ಟೀವ್ ರೇಸ್ ಅನ್ನೋ ಅಧಿಕಾರಿ ವೇದಿಕೆ ಹತ್ತಿ, ‘299’ ಅಂತ ಒಂದೇ ಮಾತು ಹೇಳಿ ಇಳಿದುಬಿಟ್ಟರು. ಭಾಷಣವೂ ಇಲ್ಲ, ಮಣ್ಣೂ ಇಲ್ಲ. ನಮ್ಮ ರಾಜ್ಯೋತ್ಸವದ ವೇದಿಕೆ ಹತ್ತುವವರು ಇವರ ಹತ್ತಿರ ಒಂದು ವಾರ ಟ್ಯೂಷನ್ನಿಗೆ ಹೋಗಬಾರದೇ?

2013ರಲ್ಲೂ ಹಾಗೇ ಆಯ್ತು. ಒಬ್ಬರು ಕೊಂಡ ಡಿಸ್ಕನ್ನು ಇನ್ನೊಬ್ಬರಿಗೆ ಕೊಡೋದಕ್ಕೆ ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ ನೂರೆಂಟು ಕಟ್ಟಳೆ ತಂದಿತು. ಸೋನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು: ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಅವನು ಥ್ಯಾಂಕ್ಸ್ ಅನ್ನುತ್ತಾನೆ. ಮುಗೀತು. ಮೈಕ್ರೋಸಾಫ್ಟ್ ಅದೇ ತಿಂಗಳು ಕಟ್ಟಳೆ ಹಿಂದೆ ತಗೊಂಡಿತು.

ಕೊಡು-ತಗೊಳ್ಳೋದು ಅಂದ ಕೂಡಲೇ ನೆನಪಾಯ್ತು, ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ‘9999 ಇನ್ 1’ ಅಂತ ಬರೆದ ಗೇಮ್ ಕ್ಯಾಸೆಟ್ ಬರ್ತಿತ್ತಲ್ಲ? ಬಿಚ್ಚಿ ನೋಡಿದರೆ ಅದೇ ಮಾರಿಯೋ, ಅದೇ ಕಾಂಟ್ರಾ, ಹೆಸರು ಮಾತ್ರ ಬೇರೆ ಬೇರೆ. ಓಡದಿದ್ದರೆ ಬಾಯಲ್ಲಿ ಉಫ್ ಅಂತ ಊದಿ ಮತ್ತೆ ಸಿಕ್ಕಿಸೋದು. ಊದಿದ್ದರಿಂದ ಓಡಿತೋ, ಮತ್ತೆ ಸಿಕ್ಕಿಸಿದ್ದರಿಂದ ಓಡಿತೋ, ದೇವರಿಗೇ ಗೊತ್ತು! ಈಗ ನಿಂಟೆಂಡೊ ಸ್ವಿಚ್‌ನ ಕ್ಯಾಸೆಟ್ಟಿಗೆ ಬಾಯಿ ಇಟ್ಟು ನೋಡಿ. ಮಕ್ಕಳು ನುಂಗದಿರಲಿ ಅಂತ ಡಿನಟೋನಿಯಂ ಬೆಂಜೋಯೇಟ್ ಅನ್ನೋ ಕಹಿ ಸವರಿರುತ್ತಾರೆ. 2017ರಲ್ಲಿ ಅದು ಬಂದಾಗ ದೊಡ್ಡ ದೊಡ್ಡ ಪತ್ರಕರ್ತರೇ ನೆಕ್ಕಿ ನೋಡಿ ಮುಖ ಕಿವುಚಿದರಂತೆ. ನೆಕ್ಕಬೇಡ ಅಂದರೆ ನೆಕ್ಕದೆ ಇರೋದು ಕಷ್ಟ, ಅಲ್ವಾ? ಸ್ವಿಚ್ 2ಕ್ಕೆ ಇನ್ನೊಂದು ಚೋದ್ಯ: ಕೆಲವು ಕಾರ್ಡಿನೊಳಗೆ ಗೇಮೇ ಇಲ್ಲ, ಬೀಗದ ಕೈ ಮಾತ್ರ. ಗೇಮನ್ನು ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಕೈಗೆ ಸಿಕ್ಕಿದ್ದು ಡಬ್ಬಿ, ಅಷ್ಟೇ.

ಆದರೂ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಈ ಮೂವರಲ್ಲಿ ಬಾಳೋದು ನಿಂಟೆಂಡೊನೇ ಅಂತ ನನಗೆ. 1889ರಲ್ಲಿ ಕ್ಯೋಟೊದಲ್ಲಿ ಹನಾಫುದಾ ಅನ್ನೋ ಇಸ್ಪೀಟೆಲೆ ಮಾಡಿಕೊಂಡು ಶುರುವಾದ ಅಂಗಡಿ ಅದು. ಇಸ್ಪೀಟಿನಿಂದ ಮನೆ ಹಾಳಾದದ್ದು ಕೇಳಿದ್ದೇವೆ, ಇಸ್ಪೀಟಿನಿಂದಲೇ ಎದ್ದ ಮನೆ ಇದೊಂದೇ ಇರಬೇಕು! ಯಾರ ಚಿಪ್ಪು ಜೋರು ಅನ್ನೋ ಪಂದ್ಯಕ್ಕೆ ಅವರು ಇಳಿಯುವುದೇ ಇಲ್ಲ. ತಮ್ಮ ವೀ ಯೂ ಪೆಟ್ಟಿಗೆ ಮಕಾಡೆ ಮಲಗಿದಾಗಲೂ ಮಾರಿಯೋನನ್ನು ಪಕ್ಕದವರ ಪೆಟ್ಟಿಗೆಗೆ ಕಳಿಸಲಿಲ್ಲ.

ಮೈಕ್ರೋಸಾಫ್ಟ್ ನೋಡಿ, ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನೋ ಗೇಮ್ ಕಂಪನಿ ಕೊಳ್ಳೋದಕ್ಕೆ 6,870 ಕೋಟಿ ಡಾಲರ್ ಸುರಿಯಿತು. ಆಮೇಲೆ ಟಿವಿಯೂ ಎಕ್ಸ್‌ಬಾಕ್ಸೇ, ಫೋನೂ ಎಕ್ಸ್‌ಬಾಕ್ಸೇ ಅಂತ ಜಾಹೀರಾತು ಕೊಟ್ಟಿತು. ಎಲ್ಲವೂ ಅದೇ ಆದ ಮೇಲೆ 649 ಕೊಟ್ಟು ಪೆಟ್ಟಿಗೆ ಯಾಕೆ ಬೇಕು ಅಂತ ಕೇಳೋರಿಲ್ಲವೇ? 2025ರಲ್ಲಂತೂ ಮನೆದೇವರಂತಿದ್ದ ಹ್ಯಾಲೊ ಗೇಮನ್ನೇ ಪ್ಲೇಸ್ಟೇಷನ್‌ಗೆ ತರುತ್ತೇವೆ ಅಂದರು. ಸೆಗಾ ಹೀಗೇ 2001ರಲ್ಲಿ ಪೆಟ್ಟಿಗೆ ಮಾಡೋದು ಬಿಟ್ಟಿತು. 2007ಕ್ಕೆ ಅವರ ಸೋನಿಕ್, ಹಗೆ ಮಾರಿಯೋನ ಪಕ್ಕದಲ್ಲೇ ಒಲಿಂಪಿಕ್ಸ್ ಓಡುತ್ತಿದ್ದ. ಪಾಪ, ಓಡಲೇಬೇಕಲ್ಲ.

ನಿಮ್ಮ ಹುಡುಗನಿಗೆ ಕೊಡಿಸೋದಾದರೆ ಒಂದು ಮಾತು: ಡಿಸ್ಕ್ ಹಾಕೋ ಕಿಂಡಿ ಇರೋದನ್ನೇ ತಗೊಳ್ಳಿ, ನಾಲ್ಕು ಕಾಸು ಉಳಿಯುತ್ತೆ ಅಂತ ಕಿಂಡಿ ಇಲ್ಲದ್ದು ಬೇಡ. ಅವನು ಆಡಿ ಬಿಟ್ಟದ್ದು ಬೇಲಿ ದಾಟಿ ನಮ್ಮನೆಗೆ ಬರಬೇಡವಾ?