ಹುಂಜಕ್ಕೊಂದು ನಿರಾಕ್ಷೇಪಣಾ ಪತ್ರ

ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು 45 ಡೆಸಿಬೆಲ್ ಮೀರಬಾರದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮಾತಿದು, ತಮಾಷೆಯಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹುಂಜ ಕೂಗುವುದು ನಾಲ್ಕೂವರೆಗೆ. ಲೆಕ್ಕ ಹಾಕಿ ನೋಡಿದರೆ, ಊರಲ್ಲಿ ಎಲ್ಲರಿಗಿಂತ ಮೊದಲು ಏಳುವ ಈ ಜೀವ ದಿನಕ್ಕೆ ಒಂದೂವರೆ ಗಂಟೆ ಕಾನೂನು ಮುರಿಯುತ್ತಿದೆ. ಅದೂ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣನ ಸಮ್ಮುಖದಲ್ಲಿ, ವಂಶಪಾರಂಪರ್ಯವಾಗಿ, ಒಂದು ದಿನದ ರಜೆಯೂ ಇಲ್ಲದೆ.

ಹತ್ತಿರದಿಂದ ಅಳೆದರೆ ಹುಂಜದ ಕೂಗು ನೂರು ಡೆಸಿಬೆಲ್ ದಾಟುತ್ತದೆ ಎಂದು ಬೆಲ್ಜಿಯಂನ ಸಂಶೋಧಕರು ಕಂಡುಕೊಂಡಿದ್ದಾರೆ. ಕೊಕ್ಕು ಪೂರ್ತಿ ತೆರೆದಾಗ ಅದರ ಕಿವಿಯ ತೂತು ತಾನಾಗಿ ಮುಚ್ಚಿಕೊಳ್ಳುತ್ತದಂತೆ. ತಾನು ಕೂಗಿದ್ದು ತನಗೇ ಕೇಳಿಸದ ಈ ವಿದ್ಯೆಯನ್ನು ಹುಂಜದಿಂದ ಯಾರ್‍ಯಾರು ಕಲಿತಿದ್ದಾರೆಂದು ಚುನಾವಣೆ ಬಂದಾಗ ನೋಡಬಹುದು. ಆದರೆ ಅವರಿಗೆ ಮೈಕಿನ ಅನುಮತಿ ಸಿಗುತ್ತದೆ, ಹುಂಜಕ್ಕೆ ಅರ್ಜಿ ಫಾರಂ ಕೂಡ ಇಲ್ಲ.

ಇದೆಲ್ಲ ಕಾಲಹರಣದ ಮಾತು ಎನ್ನಬೇಡಿ. 2025ರ ಫೆಬ್ರುವರಿಯಲ್ಲಿ ಕೇರಳದ ಅಡೂರಿನಲ್ಲಿ ಇದು ನಡೆದೇ ಹೋಯಿತು. ಪಕ್ಕದ ಮನೆಯ ಮಹಡಿಯ ಹುಂಜ ಬೆಳಗಿನ ಜಾವ ಮೂರಕ್ಕೇ ಕೂಗುತ್ತದೆ, ನಿದ್ದೆಯಿಲ್ಲ ಎಂದು ವಯಸ್ಸಾದವರೊಬ್ಬರು ದೂರು ಕೊಟ್ಟರು. ಕಂದಾಯ ಉಪವಿಭಾಗಾಧಿಕಾರಿ ಎರಡೂ ಕಡೆಯವರನ್ನು ಕರೆಸಿ ವಿಚಾರಣೆ ಮಾಡಿ, ಸ್ಥಳ ಪರಿಶೀಲಿಸಿ, ಹದಿನಾಲ್ಕು ದಿನದೊಳಗೆ ಕೋಳಿಗೂಡನ್ನು ಮನೆಯ ಇನ್ನೊಂದು ದಿಕ್ಕಿಗೆ ಸ್ಥಳಾಂತರಿಸಬೇಕೆಂದು ಆದೇಶ ಬರೆದರು. ಹುಂಜವನ್ನು ವಿಚಾರಣೆಗೆ ಕರೆದರೆಂದು ಎಲ್ಲೂ ವರದಿಯಾಗಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ?

ಫ್ರಾನ್ಸಿನವರು ಕೊಂಚ ಬೇರೆ ಜಾತಿ. ಅಲ್ಲಿನ ಓಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜದ ಮೇಲೆ ರಜೆಗೆ ಬಂದುಹೋಗುವ ನೆರೆಮನೆಯವರು ದಾವೆ ಹೂಡಿದರು. 2019ರಲ್ಲಿ ನ್ಯಾಯಾಲಯ ಮೋರಿಸ್ ಪರವಾಗಿ ತೀರ್ಪು ಕೊಟ್ಟಿತು. 2021ರಲ್ಲಿ ಅಲ್ಲಿನ ಸಂಸತ್ತು ಹಳ್ಳಿಯ ಸದ್ದು ಮತ್ತು ವಾಸನೆ ದೇಶದ ಪರಂಪರೆಯ ಭಾಗ ಎಂದು ಕಾಯ್ದೆಯನ್ನೇ ಮಾಡಿತು. ಪಾಪ, ಅಷ್ಟರಲ್ಲಿ ಮೋರಿಸ್ ತೀರಿಕೊಂಡಿದ್ದ. ಆ ಕಾಯ್ದೆ ನಮ್ಮಲ್ಲಿದ್ದಿದ್ದರೆ ಸಿಂಧಘಟ್ಟದ ಪ್ರತಿ ತಿಪ್ಪೆಯ ಮುಂದೆಯೂ ಪ್ರಾಚ್ಯವಸ್ತು ಇಲಾಖೆಯ ನೀಲಿ ಫಲಕ ನೆಡಬೇಕಾಗುತ್ತಿತ್ತು.

ನಮ್ಮವರು ಸಾಕುಪ್ರಾಣಿಗೆ ನಿಯಮ ಬರೆಯುವ ರೀತಿಯನ್ನು 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ತೋರಿಸಿಕೊಟ್ಟಿದೆ. ಫ್ಲ್ಯಾಟಿಗೆ ಒಂದು ನಾಯಿ, ಸ್ವಂತ ಮನೆಗೆ ಮೂರು ನಾಯಿ, ಇಂತಿಂಥ ತಳಿ ಮಾತ್ರ ಎಂದು ಹುಕುಂ ಹೊರಟಿತು. ಜನ ಗದ್ದಲ ಮಾಡಿದ ಮೇಲೆ ಅದನ್ನು ತಡೆಹಿಡಿದರು. ಅಷ್ಟು ಹೊತ್ತೂ ಬೀದಿಯಲ್ಲಿದ್ದ ಲಕ್ಷಗಟ್ಟಲೆ ನಾಯಿಗಳು ಯಾವ ತಳಿಯ ಪಟ್ಟಿಗೂ ಸೇರದೆ ಆರಾಮಾಗಿ ಓಡಾಡಿಕೊಂಡಿದ್ದವು. ಕೈಗೆ ಸಿಗುವುದಕ್ಕೆ ನಿಯಮ, ಸಿಗದ್ದಕ್ಕೆ ಸಮಿತಿ. ಇದು ನಮ್ಮ ಸ್ಥಳೀಯ ಆಡಳಿತದ ಹಳೆಯ ರೂಢಿ.

ಈಗ ಆ ಗಾಳಿ ಮೈಸೂರು ರಸ್ತೆ ಹಿಡಿದು ನಮ್ಮ ಕಡೆಗೂ ಬೀಸುತ್ತಿದೆ. ಪಾಂಡವಪುರ, ಕೆ.ಆರ್.ಪೇಟೆ ಪುರಸಭೆಗಳಾಗಿವೆ. ಊರಂಚಿನ ಹೊಲಗಳಲ್ಲಿ ಕಲ್ಲು ನೆಟ್ಟು ಸೈಟು ಮಾಡಿ ಇ-ಸ್ವತ್ತು ಮಾಡಿಸಿಕೊಂಡಿದ್ದಾರೆ. ನಿವೃತ್ತಿಯಾದ ಮೇಲೆ ಹಳ್ಳಿಯ ನೆಮ್ಮದಿ ಬೇಕೆಂದು ಬಂದು ಮನೆ ಕಟ್ಟಿಸಿ, ಗೃಹಪ್ರವೇಶದ ಮಾರನೇ ಬೆಳಿಗ್ಗೆಯೇ ‘ಇದೇನ್ರೀ ಈ ಕೋಳಿ!’ ಎನ್ನುವವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಅವರ ಮೊಬೈಲಿನ ಅಲಾರಂ ಮಾತ್ರ ಹುಂಜದ ದನಿಯಲ್ಲೇ ಇರುತ್ತದೆ.

ನಾಳೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ತನ್ನ ಬಣ್ಣದ ಡಬ್ಬ ಹಿಡಿದು ಸಿಂಧಘಟ್ಟಕ್ಕೆ ಬಂತೆಂದು ಇಟ್ಟುಕೊಳ್ಳಿ. ನಕ್ಷೆಯಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಹೀಗೆ ಒಂದೊಂದು ವಲಯಕ್ಕೆ ಒಂದೊಂದು ಬಣ್ಣ. ಇಲ್ಲಿನ ಒಂದು ಮನೆ ನೋಡಿ. ಜಗಲಿಯ ಮೇಲೆ ಬೀಡಿ, ಬೆಂಕಿಪೊಟ್ಟಣ, ಶಾಂಪು ಪೊಟ್ಟಣದ ಅಂಗಡಿ. ನಡುಮನೆಯಲ್ಲಿ ಸಂಸಾರ. ಪಕ್ಕದ ಕೊಟ್ಟಿಗೆಯಲ್ಲಿ ಡೇರಿಗೆ ಹಾಲು ಹಾಕುವ ಹಸು. ಹಿತ್ತಲಲ್ಲಿ ಕೋಳಿ, ಅದರಾಚೆ ಗೊಬ್ಬರ ತಯಾರಾಗುವ ತಿಪ್ಪೆ. ಮೂವತ್ತು-ನಲವತ್ತರ ಸೈಟಿನಲ್ಲಿ ಐದು ವಲಯ! ಬಣ್ಣ ಬಳಿಯುವವನು ಕುಂಚ ಎಸೆದು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯಬೇಕು. ನಮಗೆ ಗೊತ್ತಿದ್ದದ್ದು ಒಂದೇ ಗೆರೆ, ಗ್ರಾಮಠಾಣಾ. ಅದರೊಳಗೆ ಮನುಷ್ಯ, ದನ, ಕೋಳಿ ಎಲ್ಲರಿಗೂ ಒಂದೇ ಖಾತೆ.

ಆದರೂ ಸರ್ವೆ ನಡೆಯಲೇಬೇಕಲ್ಲ. ಬಗಲಲ್ಲಿ ಫೈಲು ಸಿಕ್ಕಿಸಿಕೊಂಡ ಅಧಿಕಾರಿಯೊಬ್ಬರು ಅಜ್ಜಿಯೊಬ್ಬಳ ಹಿತ್ತಲಿಗೆ ಬಂದರೆ ಹೇಗಿರುತ್ತದೆ?

“ಕೋಳಿ ಎಷ್ಟಿವೆ ಅಜ್ಜಿ?”

“ಕತ್ಲಾದ್ಮೇಲೆ ಬನ್ನಿ ಸಾಮಿ, ಮಂಕ್ರಿ ಎತ್ತಿ ಎಣಿಸ್ಕಳಿ. ಹಗಲೊತ್ತು ಅವು ನನ್ ಕೈಗೇ ಸಿಗಾಕಿಲ್ಲ.”

“ಪರವಾನಗಿ ಇದೆಯಾ?”

“ಯಾರ್ಗೆ ಸಾಮಿ, ಕೋಳಿಗೋ ನಂಗೋ?”

“ಕೋಳಿಗೆ. ಎಷ್ಟು ಕಾಲ ಸಾಕ್ತೀರಿ ಅಂತ ಬರೀಬೇಕು ಇಲ್ಲಿ.”

“ಈ ಹೊಸತೊಡಕಿಂದ ಆ ಹೊಸತೊಡಕಿಗೆ ಅಂತ ಬರ್ಕಳಿ. ನಡುವೆ ಅಳಿಯ ಬಂದ್ರೆ ಅದೂ ಇಲ್ಲ.”

“ವಸತಿ ವಲಯದಲ್ಲಿ ಹುಂಜ ಕೂಗೋ ಹಾಗಿಲ್ಲ.”

“ಅಗೋ, ತಿಪ್ಪೆ ಮ್ಯಾಲೆ ನಿಂತದೆ. ನೀವೇ ಒಂದ್ಮಾತು ಹೇಳೋಗಿ. ನಾವ್ ಹೇಳುದ್ರೆ ಕೇಳಾಕಿಲ್ಲ.”

ಕೋಳಿಯಿಂದ ಯಾರಿಗೂ ತೊಂದರೆಯೇ ಇಲ್ಲ ಎಂದು ನಾನು ವಕಾಲತ್ತು ಹಾಕುವುದಿಲ್ಲ. ಹರವಿದ ರಾಗಿಗೆ ಬಾಯಿ ಹಾಕುತ್ತದೆ, ಭತ್ತದ ಒಟ್ಲು ಕೆದಕುತ್ತದೆ, ತನ್ನ ಮನೆಯಲ್ಲಿ ಮೇವು ತಿಂದು ಪಕ್ಕದ ಮನೆಯ ಬಣವೆಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಯಾರದೆಂಬ ವ್ಯಾಜ್ಯ ಎರಡು ತಲೆಮಾರು ಮಾತು ಬಿಡಿಸಿದ್ದುಂಟು. ಆದರೆ ಆ ಜಗಳಕ್ಕೆ ಅರಳಿಕಟ್ಟೆಯಲ್ಲಿ ಒಂದು ಸಂಜೆ ಸಾಕಾಗುತ್ತಿತ್ತು. ಕೋಳಿಯ ಒಡತಿ ಒಂದು ಸೇರು ರಾಗಿ ಅಳೆದುಕೊಟ್ಟು ಬೈಯಿಸಿಕೊಂಡು ಹೋಗುತ್ತಿದ್ದಳು. ಇದಕ್ಕೆ ನಮೂನೆ, ದೃಢೀಕರಣ, ಶುಲ್ಕ, ಮೇಲ್ಮನವಿ ಸೇರಿಸಿದರೆ ರಾಗಿ ಹೊಟ್ಟಾಗುವವರೆಗೂ ಇತ್ಯರ್ಥವಾಗದು.

ಇನ್ನು ಸರ್ಕಾರಕ್ಕೆ ಕೋಳಿಯೆಂದರೆ ಆಗದು ಎಂದುಕೊಂಡರೆ ಅನ್ಯಾಯ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಟ್ಟ 29 ವಿಷಯಗಳಲ್ಲಿ ನಾಲ್ಕನೆಯದೇ ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ತಳಿಯನ್ನು ರೂಪಿಸಿದ್ದು ಹಿತ್ತಲಿಗಾಗಿಯೇ, ಆಮೇಲೆ ಸ್ವರ್ಣಧಾರ ಬಂತು. ಪಶುಪಾಲನಾ ಇಲಾಖೆ ಹೆಂಗಸರಿಗೆ ಐದು ವಾರದ ಮರಿಗಳನ್ನು ಹಂಚಿ ಫೋಟೊ ತೆಗೆಸಿಕೊಳ್ಳುತ್ತದೆ. ನರೇಗಾದಲ್ಲಿ ಕೋಳಿ ಶೆಡ್ಡಿಗೆ ದುಡ್ಡಿತ್ತು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದಕ್ಕೆ ಮುಂಚೆ ಹಳ್ಳಿ ಹೆಂಗಸಿಗೆ ಗಂಡನ ಕೈ ನೋಡದೆ ಸಿಗುತ್ತಿದ್ದ ಕಾಸು ಎಂದರೆ ಹೇಂಟೆಯದೇ. ಹೀಗೆ ಒಂದು ಟೇಬಲ್ಲಿನಲ್ಲಿ ಮರಿ ಕೊಡುತ್ತಾರೆ, ಮರಿ ದೊಡ್ಡದಾಗಿ ಕೂಗಿದ ದಿನ ಪಕ್ಕದ ಟೇಬಲ್ಲಿನಿಂದ ನೋಟಿಸು ಬರುತ್ತದೆ. ಎರಡೂ ಟೇಬಲ್ಲುಗಳು ಒಂದೇ ಕಟ್ಟಡದಲ್ಲಿವೆ, ನಡುವೆ ಬೀರು ಅಡ್ಡವಿದೆ.

ಕೋಳಿ ಸಾಕಣೆ ಕೃಷಿಯೋ ವ್ಯಾಪಾರವೋ ಎಂಬುದೂ ಟೇಬಲ್ಲಿನ ಮೇಲೆಯೇ ನಿಂತಿತ್ತು. ಸಾಲ ಕೇಳಿದರೆ ಒಂದು, ತೆರಿಗೆ ಕಟ್ಟುವಾಗ ಇನ್ನೊಂದು. ಕೊನೆಗೆ ಕರ್ನಾಟಕ ಹೈಕೋರ್ಟೇ ಕೋಳಿ ಸಾಕಣೆ ಕೃಷಿ ಚಟುವಟಿಕೆ, ಶೆಡ್ಡನ್ನು ವಾಣಿಜ್ಯ ಕಟ್ಟಡವೆಂದು ತಿಳಿದು ಗ್ರಾಮ ಪಂಚಾಯಿತಿ ತೆರಿಗೆ ಹಾಕುವಂತಿಲ್ಲ ಎಂದು ಹೇಳಬೇಕಾಯಿತು.

ಅಸಲು ನಾರುವ ಕಡೆಗೆ ಈಗ ಬರೋಣ. ಒಂದು ಲಕ್ಷ ಕೋಳಿ ದಾಟಿದರೆ ಮಾತ್ರ ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇಕು ಎಂಬುದು ಹಿಂದಿನ ಲೆಕ್ಕ. 2020ರಲ್ಲಿ ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ಅದು 5,000ಕ್ಕೆ ಇಳಿಯಿತು. ಫಾರಂ ವಸತಿ ಪ್ರದೇಶದಿಂದ 500 ಮೀಟರ್, ಕೆರೆ ಕಾಲುವೆಗಳಿಂದ 100 ಮೀಟರ್ ದೂರವಿರಬೇಕು ಎಂದು ಕೇಂದ್ರ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯದೇ. ಆದರೆ 4,999 ಕೋಳಿಗಳ ಶೆಡ್ಡಿನ ನೊಣಕ್ಕೆ ತಾನು ನಿಯಮದಿಂದ ಹೊರಗಿದ್ದೇನೆಂದು ಹೇಗೆ ತಿಳಿಯಬೇಕು? ಅದು ಯಾವ ಮಾರ್ಗಸೂಚಿಯನ್ನೂ ಓದದೆ ನೇರ ಬಂದು ಮುದ್ದೆಯ ಮೇಲೆ ಕೂರುತ್ತದೆ. ನೊಣದ ಕಾಟ ತಡೆಯಲಾಗದೆ ಊರವರು ಅರ್ಜಿ ಹಿಡಿದು ಹೊರಟರೆ ಪಂಚಾಯಿತಿ ಮಂಡಳಿಯನ್ನು ತೋರಿಸುತ್ತದೆ, ಮಂಡಳಿ ತಹಶೀಲ್ದಾರರನ್ನು, ತಹಶೀಲ್ದಾರರು ಮತ್ತೆ ಪಂಚಾಯಿತಿಯನ್ನು. ಅಜ್ಜಿಯ ಆರು ಕೋಳಿಯ ಮನೆ ಹುಡುಕಲು ಮಾತ್ರ ಯಾರಿಗೂ ವಿಳಾಸ ಬೇಕಾಗುವುದಿಲ್ಲ.

ದೊಡ್ಡ ಫಾರಂ ಕೋಳಿಯ ಪಾಡನ್ನೂ ಕಾನೂನು ಮರೆತಿಲ್ಲ. ಪಂಜರದ ಮೊಟ್ಟೆ ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಕೊಡಬೇಕು ಎಂದು 2023ರ ಕೇಂದ್ರ ನಿಯಮ ದಯಪಾಲಿಸಿದೆ. ಆಫೀಸಿನ ಎ4 ಹಾಳೆ ಸುಮಾರು 624 ಚದರ ಸೆಂಟಿಮೀಟರ್. ಅಂದರೆ ಸಿಂಧಘಟ್ಟದ ಹೇಂಟೆಯ ಮೇಲೆ ಬರೆಯುವ ನೋಟಿಸು ಆ ಪಂಜರದ ಕೋಳಿ ಜೀವಮಾನವಿಡೀ ನಿಲ್ಲುವ ನೆಲಕ್ಕಿಂತ ಅಗಲ. ಕೇರಿಯಿಡೀ ಅಡ್ಡಾಡಿ ಹುಳು ಹೆಕ್ಕಿ ತಿನ್ನುವ ಕೋಳಿ ಉಪದ್ರವಿ. ಹಾಳೆಯಷ್ಟು ಜಾಗದಲ್ಲಿ ನಿಂತೇ ಮೊಟ್ಟೆ ಇಡುವ ಕೋಳಿ ಕಾನೂನುಬದ್ಧ.

ನಿಯಮಕ್ಕೆ ನಿಜವಾದ ಕಾರಣವಿದ್ದಾಗ ಜನ ಕೇಳುತ್ತಾರೆ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನ ಕಡೆ ಹಕ್ಕಿಜ್ವರ ಕಾಣಿಸಿಕೊಂಡಾಗ ಸುತ್ತ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನೆಲ್ಲ ಕೊಲ್ಲಲಾಯಿತು, ಮನೆಗಳಲ್ಲಿ ಸಾಕಿದ್ದವನ್ನೂ ಬಿಡಲಿಲ್ಲ. ಅಲ್ಲಿ ರೋಗವಿತ್ತು, ಸುತ್ತಳತೆಗೆ ಲೆಕ್ಕವಿತ್ತು. ಆ ವೃತ್ತವನ್ನು ನಾನು ಹಂಗಿಸಲಾರೆ. ಹಂಗಿಸಬೇಕಾದ್ದು ರೋಗವೂ ಇಲ್ಲದೆ, ಲೆಕ್ಕವೂ ಇಲ್ಲದೆ, ಮೂಗು ಮುರಿಯುವವರ ಮರ್ಜಿಗೆ ತಕ್ಕಂತೆ ಎಳೆಯುವ ವೃತ್ತಗಳನ್ನು.

ಅಂಥವು ಬೇಕಾದಷ್ಟಿವೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯ ಪ್ರಕಾರ ಕೋಳಿಯನ್ನು ಗುಡಿಯ ಆವರಣದಲ್ಲಿ ಬಲಿ ಕೊಡುವಂತಿಲ್ಲ, ಸರಿ. ಆವರಣದ ಗೋಡೆಗೆ ಆತುಕೊಂಡು ಒಲೆ ಹೂಡಿದರೆ ಎಲ್ಲರೂ ಊಟಕ್ಕೆ ಕೂರುತ್ತಾರೆ, ನೋಟಿಸು ಬರೆಯಬೇಕಾದವರು ಮೊದಲ ಪಂಕ್ತಿಯಲ್ಲೇ. ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ 2025ರಲ್ಲಿ ಶಾಲೆಯ ಹತ್ತಿರ ದೇವಸ್ಥಾನವಿದೆ, ಇಲ್ಲಿ ಮೊಟ್ಟೆ ಬೇಯಿಸಬಾರದು ಎಂದು ಪೋಷಕರು ಪಟ್ಟು ಹಿಡಿದು ಮಕ್ಕಳ ಟಿಸಿಯನ್ನೇ ತೆಗೆದುಕೊಂಡು ಹೋದರು. ಮೊಟ್ಟೆಗೂ ಒಂದು ನಿಷಿದ್ಧ ವಲಯ! ಯೋಜನಾ ಕಾಯ್ದೆಯ ಬಣ್ಣದ ಡಬ್ಬದಲ್ಲಿ ಇದಕ್ಕೆ ಯಾವ ಬಣ್ಣವಿದೆಯೋ ಕಾಣೆ. ಹುಂಜ ಕೂಗಿದರೆ ಸದ್ದು, ಹೇಂಟೆ ಇಟ್ಟರೆ ಮೈಲಿಗೆ, ಸಾರಾಗಿ ತಟ್ಟೆಗೆ ಬಂದ ಮೇಲೆ ಮಾತ್ರ ಯಾರ ಆಕ್ಷೇಪಣೆಯೂ ಇಲ್ಲ.

ಸಿಂಧಘಟ್ಟದಂಥ ಪಂಚಾಯಿತಿಗಳಿಗೆ, ಹೊಸದಾಗಿ ಊರುಗಳನ್ನು ನುಂಗಲು ಹೊರಟ ಪುರಸಭೆಗಳಿಗೆ ನನ್ನದೊಂದು ಅರ್ಜಿಯಿದೆ. ಮನೆಬಳಕೆಯ ಹತ್ತಿಪ್ಪತ್ತು ಕೋಳಿಯನ್ನು ಎಲ್ಲ ಪರವಾನಗಿಯಿಂದ ಹೊರಗಿಡಿ, ಹುಂಜವನ್ನೂ ಸೇರಿಸಿ. ಸಾವಿರ ದಾಟಿದ ಶೆಡ್ಡುಗಳಿಗೆ ಟೇಪು ಹಿಡಿದು ಹೋಗಿ ಊರಿನಿಂದ ಎಷ್ಟು ದೂರ, ನೀರಿನಿಂದ ಎಷ್ಟು ದೂರ, ಗೊಬ್ಬರ ಎಲ್ಲಿ ಸುರಿಯುತ್ತಾರೆ ಎಂದು ಬರೆದು ಪಂಚಾಯಿತಿಯ ಬೋರ್ಡಿಗೆ ಅಂಟಿಸಿ. ಫಾರಂ ಮೊದಲಿದ್ದು ಬಡಾವಣೆ ಆಮೇಲೆ ಬಂದಿದ್ದರೆ ಸೈಟು ಮಾರಿದವನನ್ನು ಮೊದಲು ಕರೆಸಿ. ಯಾವುದೇ ಹೊಸ ನಿಯಮ ತರುವ ಮುನ್ನ ಗ್ರಾಮಸಭೆಯ ಮುಂದೆ ಇಡಿ, ಅದೂ ಹೆಂಗಸರು ಹಾಲು ಹಾಕಿ, ಮನೆಗೆಲಸ ಮುಗಿಸಿ ಬರಲಾಗುವ ಹೊತ್ತಿಗೆ. ಕೋಳಿ ಅವರದು.