ಸಾಹೇಬ್ರು ಫೀಲ್ಡ್‌ಗೆ ಹೋಗ್ಯಾರ

ಇಂಗ್ಲಿಷು ನಮಗೇನು ಕೊಟ್ಟಿತು ಎಂದು ಕೇಳಿದರೆ ಓದಿದವರು ರೈಲು, ಕಾಯದೆ, ಕ್ರಿಕೆಟ್ಟು ಎಂದು ಲೆಕ್ಕ ಒಪ್ಪಿಸುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮಗೆ ಅದು ಕೊಟ್ಟ ದೊಡ್ಡ ವರ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬಂದ ಮನುಷ್ಯನನ್ನು ವಾಪಸು ಕಳಿಸುವ ವಿದ್ಯೆ ಅದು. ಕನ್ನಡದಲ್ಲಿ ನಮಗೆ ಅದು ಎಂದೂ ಕೈಗೂಡಿರಲಿಲ್ಲ.

ನಮ್ಮ ಮಾತಿನ ದೋಷವೇ ಅಂಥದು. ಹೊಸ್ತಿಲಲ್ಲಿ ನಿಂತವರಿಗೆ ಬರೀ ‘ಹೋಗ್ರಿ’ ಅಂದರೆ ಅಪಶಕುನ. ‘ಹೋಗಿ ಬರ್ರಿ’ ಅನ್ನಬೇಕು. ಹೊರಟವನೂ ‘ಹೋಗ್ತೇನಿ’ ಅನ್ನುವುದಿಲ್ಲ, ‘ಬರ್ತೇನ್ರಿ’ ಅನ್ನುತ್ತಾನೆ. ಬಡ್ಡಿ ವಸೂಲಿಗೆ ಬಂದವನಿಗೂ, ವಿಮೆ ಏಜೆಂಟನಿಗೂ, ಒಲ್ಲದ ವರನ ಸುದ್ದಿ ತಂದ ದೂರದ ಮಾವನಿಗೂ ಅದೇ ‘ಹೋಗಿ ಬರ್ರಿ’. ಅವರು ಮಾತಿಗೆ ತಪ್ಪದ ಜನ, ಬಂದೇ ಬಿಡುತ್ತಾರೆ. ಗೋಕಾಕದವರ ಪಾಡು ಇನ್ನೂ ಬಿಗಿ. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರು ಕೆಳಕ್ಕೆ ಧುಮುಕಲು ಶುರುಮಾಡಿದಳೋ, ಇತ್ತ ನೆಂಟರೂ ಮನೆಗೆ ಧುಮುಕುತ್ತಾರೆ. ಫಾಲ್ಸ್ ನೋಡಿ, ತೂಗುಸೇತುವೆ ಮೇಲೆ ಓಡಾಡಿ, ಕರದಂಟು ಕಟ್ಟಿಸಿಕೊಂಡು ಎದ್ದವರಿಗೆ ‘ಏನ್ ಅವಸರ್ರಿ, ಕುಂಡ್ರಿ, ಚಾ ಆಗ್ಲಿ’ ಅನ್ನದಿದ್ದರೆ ಮನೆತನದ ಮರ್ಯಾದೆ ಹೋಗುತ್ತದೆ. ಅಂದರೆ ಚಾಪುಡಿ, ಸಕ್ಕರೆ ಹೋಗುತ್ತದೆ. ನೆಂಟರು ಮಾತ್ರ ಹೋಗುವುದಿಲ್ಲ.

ಒರಟು ಮಾತೇ ನಮ್ಮಲ್ಲಿಲ್ಲ ಎಂದಲ್ಲ. ‘ಹೊಂಡ್ಲೆ’, ‘ನಡಿ ಅತ್ತಾಗ’, ‘ಮಾರಿ ತೋರಿಸಬ್ಯಾಡ’ ಎಲ್ಲ ಇವೆ. ಆದರೆ ಅದನ್ನು ಆಡಿದವನು ಯಾರು, ಯಾರ ಮಗ, ಯಾವ ಜಾತ್ರೆಯ ಮರುದಿನ ಆಡಿದ ಎಂಬುದನ್ನು ಮೂರು ತಾಲ್ಲೂಕು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತವೆ. ಮೊಮ್ಮಗನ ಮದುವೆಯ ಪಂಕ್ತಿಯಲ್ಲಿ, ಹುಗ್ಗಿ ಬಡಿಸುವ ಹೊತ್ತಿಗೆ, ‘ನಿಮ್ಮಜ್ಜ ನಮ್ಮಪ್ಪಗ ನಡಿ ಅಂದಿದ್ದ’ ಎಂದು ಹೊರಗೆ ಬರುತ್ತದೆ. ಆಡಿದ ಮಾತಿಗೆ ಆಡಿದವನೇ ಹೊಣೆ ಎಂಬ ಈ ಹಳೆಯ ಅನಾನುಕೂಲದಿಂದ ನಮ್ಮನ್ನು ಬಿಡಿಸಿದ್ದು ಇಂಗ್ಲಿಷು.

ಮೊದಲ ಪಾಠ ರೈಲ್ವೆಯವರದು. ಮಿರಜ–ಲೋಂಡಾ ಮಾರ್ಗದಲ್ಲಿ ‘ಗೋಕಾಕ ರೋಡ್’ ಎಂಬ ನಿಲ್ದಾಣವಿದೆ. ಹೊಸಬ ಫಲಕ ಓದಿ, ಊರು ಬಂತೆಂದು ಗಂಟುಮೂಟೆ ಇಳಿಸುತ್ತಾನೆ. ಬಂದದ್ದು ಊರಲ್ಲ, ಊರಿಗೆ ಹೋಗುವ ರಸ್ತೆ. ‘ಇಲ್ಲಿ ನಿನಗೇನೂ ಇಲ್ಲ, ಮುಂದಕ್ಕೆ ನಡಿ’ ಎಂಬುದನ್ನು ಒಂದೇ ಶಬ್ದದಲ್ಲಿ, ಅದೂ ಊರಿನ ಹೆಸರಿಗೇ ಅಂಟಿಸಿ, ಬಣ್ಣದಲ್ಲಿ ಬರೆದು ನಿಲ್ಲಿಸಿದ ಜಾಣತನಕ್ಕೆ ಕೈಮುಗಿಯಬೇಕು.

ಆಮೇಲೆ ಬಂದದ್ದು ಮಾಸ್ತರರ ‘ಗೆಟೌಟ್’. ದಿನವಿಡೀ ಕನ್ನಡದಲ್ಲಿ ಪಾಠ ಹೇಳಿ, ಹುಡುಗನನ್ನು ಹೊರಗೆ ಹಾಕುವಾಗ ಮಾತ್ರ ಅವರಿಗೆ ಇಂಗ್ಲಿಷು ಬೇಕಾಗುತ್ತಿತ್ತು. ಇದಕ್ಕೆ ನಮ್ಮವರು ಮಾಡಿದ ತಿದ್ದುಪಡಿ ‘ಗೆಟೌಟ್ ಆಗ್ರಿ’. ಸ್ವತಃ ಇಂಗ್ಲಿಷರಿಗೂ ಈ ಮಾತಿಗೆ ಬಹುವಚನ ಹಚ್ಚಿ, ಹೊರಹಾಕಿಸಿಕೊಂಡವನ ಮರ್ಯಾದೆ ಉಳಿಸುವುದು ಹೊಳೆದಿರಲಿಲ್ಲ. ಕಟ್ಟೆಯ ಮೇಲಿನ ಹುಡುಗರು ಇನ್ನೊಂದು ಹೆಜ್ಜೆ ಮುಂದೆ ಹೋದರು: ‘ಔಟ್ ಆಗ್ಲೆ’, ‘ಸ್ಟಾರ್ಟ್ ಮಾಡಿನ್ನ’, ‘ರೈಟ್ ಹೇಳೋ’. ಕೊನೆಯದು ಬಸ್ ಕಂಡಕ್ಟರರ ಕೊಡುಗೆ. ಅವರು ‘ರೈಟ್’ ಅಂದರೆ ಬಲಕ್ಕೂ ಅಲ್ಲ, ಸರಿಯೂ ಅಲ್ಲ, ಗಾಡಿ ಬಿಡು ಎಂದರ್ಥ. ಬಾಗಿಲಲ್ಲಿ ಒಂದು ಕಾಲಿಟ್ಟವನಿಗೆ ‘ನಾನ್‌ಸ್ಟಾಪ್ರಿ, ಹಿಂದಿಂದು ಖಾಲಿ ಐತಿ’ ಎಂದು ರೈಟ್ ಕೊಟ್ಟಾಗ ಅವನು ಧೂಳಿನಲ್ಲಿ ನಿಂತು, ಕಂಡಕ್ಟರರನ್ನು ಬಯ್ಯದೆ, ಹಿಂದಿನ ಗಾಡಿಯ ದಾರಿ ನೋಡುತ್ತಾನೆ. ಹಿಂದೆ ಗಾಡಿ ಇರಲೇಬೇಕೆಂದೇನೂ ಇಲ್ಲ.

ವಿ.ಕೃ. ಗೋಕಾಕರು ಸವಣೂರಿನವರು, ಹೆಸರಿನಲ್ಲಷ್ಟೇ ನಮ್ಮೂರು. ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು. ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ಅವರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದಕ್ಕಾಗಿ ಮರುವರ್ಷ ರಾಜಕುಮಾರ್ ಊರೂರು ತಿರುಗಿದರು. ಶಾಲೆಯ ಬಾಗಿಲಲ್ಲಿ ‘ಹಿಂದಿನ ಸಾಲಿಗೆ ಹೋಗು’ ಅನ್ನಿಸಿಕೊಂಡ ಇಂಗ್ಲಿಷು ಬೇಸರಪಡಲಿಲ್ಲ. ನೇರ ಹೋಗಿ ಕಚೇರಿಯ ಕಿಟಕಿಯ ಒಳಗೆ ಕುಳಿತಿತು.

ಈ ವಿದ್ಯೆ ತುದಿ ಮುಟ್ಟಿದ್ದು ಅಲ್ಲಿಯೇ. ಹೊಲದ ಕೆಲಸ ಬಿಟ್ಟು ಬಂದ ರೈತನಿಗೆ ‘ಸಾಹೇಬ್ರು ಫೀಲ್ಡ್‌ಗೆ ಹೋಗ್ಯಾರ’ ಎಂಬ ಸುದ್ದಿ ಸಿಗುತ್ತದೆ. ಯಾವ ಫೀಲ್ಡು, ಅಲ್ಲಿ ಏನು ಬಿತ್ತಿದ್ದಾರೆ ಎಂದು ಕೇಳುವ ಪದ್ಧತಿ ಇಲ್ಲ. ಫೀಲ್ಡ್‌ನಲ್ಲಿ ಇಲ್ಲದ ದಿನ ಮೀಟಿಂಗ್‌ನಲ್ಲಿ ಇರುತ್ತಾರೆ, ಮೀಟಿಂಗ್ ಇಲ್ಲದ ದಿನ ವೀಸಿಯಲ್ಲಿ. ವೀಸಿ, ಅಂದರೆ ವಿಡಿಯೋ ಕಾನ್ಫರೆನ್ಸ್, ನಡೆಯುವುದು ಪಕ್ಕದ ಕೋಣೆಯಲ್ಲೇ; ಆದರೆ ಅದು ಫೀಲ್ಡಿಗಿಂತ ದೂರ. ಗಣಕಯಂತ್ರ ಬಂದ ಮೇಲಂತೂ ಮಾತು ಹೀಗೆ ಸಾಗುತ್ತದೆ:

‘ಉತಾರದಾಗ ಹೆಸರು ತಿದ್ದೋದು ಏನಾತ್ರಿ?’

‘ನಿಮ್ಮ ಫೈಲು ಕೇಸ್‌ವರ್ಕರ್ ಲಾಗಿನ್‌ನ್ಯಾಗ ಐತ್ರಿ ಕಾಕಾ.’

‘ಮತ್ತ ಯಾವಾಗ ಬರ್ಲಿ?’

‘ಫಾರ್ವರ್ಡ್ ಆದಮ್ಯಾಲ ಬರ್ರಿ.’

‘ಅದ್ಯಾವಾಗ ಆಕ್ಕೈತಿ?’

‘ಅಪ್ರೂವಲ್ ಬಂದಮ್ಯಾಲ್ರಿ.’

ಕಾಕಾ ಟೋಪಿ ಸರಿಮಾಡಿಕೊಂಡು ಎದ್ದು ಹೋಗುತ್ತಾನೆ. ಈ ಸಂಭಾಷಣೆಯಲ್ಲಿ ಯಾರೂ ಯಾರಿಗೂ ಹೋಗು ಅನ್ನಲಿಲ್ಲ. ದ್ವೇಷ ಸಾಧಿಸೋಣವೆಂದರೆ ಎದುರಿಗೆ ಒಬ್ಬ ಮನುಷ್ಯನೂ ಸಿಗುವುದಿಲ್ಲ. ಲಾಗಿನ್‌ಗೆ ಅಪ್ಪನಿಲ್ಲ, ಅಜ್ಜನಿಲ್ಲ, ಮೊಮ್ಮಗನ ಮದುವೆಯಿಲ್ಲ. 2012ರಿಂದ ಸಕಾಲ ಯೋಜನೆ ರಾಜ್ಯದ ತುಂಬ ಜಾರಿಗೆ ಬಂದು, ಕೆಲಸಕ್ಕೆ ಇಷ್ಟು ದಿನ ಎಂದು ಗಡುವು ಹಾಕಿತು. ಅಲ್ಲಿಯವರೆಗೆ ಜನ ಬರಿಗೈಲಿ ಮರಳುತ್ತಿದ್ದರು. ಈಗ ಉದ್ದನೆಯ ಜಿಎಸ್‌ಸಿ ನಂಬರು ಹಿಡಿದು ಮರಳುತ್ತಾರೆ. ಇದನ್ನು ಪ್ರಗತಿ ಅಲ್ಲವೆನ್ನುವವರು ಹೊಟ್ಟೆಕಿಚ್ಚಿನವರು.

ಹುಕ್ಕೇರಿಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಬೇರೆ ಕಡೆ ‘ಕರೆಂಟ್ ಇಲ್ರಿ’ ಅಂದರೆ ಜನ ತೆಪ್ಪಗೆ ಹೋಗುತ್ತಾರೆ. ಆ ತಾಲ್ಲೂಕಿಗೆ 1969ರಿಂದ ವಿದ್ಯುತ್ ಹಂಚುತ್ತಿರುವುದು ಬಳಕೆದಾರರೇ ಸದಸ್ಯರಾದ ಸಹಕಾರಿ ಸಂಘ. ‘ಆ ಸಂಘದಾಗ ನಂದೂ ಶೇರ್ ಐತಿ, ಇಲ್ಲ ಹ್ಯಾಂಗ್ ಆಕ್ಕೈತಿ’ ಎಂದು ಎದುರಿನವ ಅಲ್ಲೇ ಕುಳಿತಾನು. ಆದ್ದರಿಂದ ಅಲ್ಲಿ ‘ಸರ್ವರ್ ಡೌನ್’ ಉತ್ತಮ. ಸರ್ವರ್‌ನಲ್ಲಿ ಯಾರದೂ ಶೇರು ಇಲ್ಲ.

ಮೂಡಲಗಿಯವರದು ಬೇರೆ ಭಾಗ್ಯ. ಅವರು ಮೊದಲೆಲ್ಲ ವಾಪಸು ಕಳಿಸಿಕೊಳ್ಳುವುದಕ್ಕೂ ಗೋಕಾಕದವರೆಗೆ ಬಸ್ಸಿಗೆ ಹೋಗಬೇಕಾಗಿತ್ತು. 2013ರ ಬಜೆಟ್ಟಿನಲ್ಲಿ ಸಾರಿದ ತಾಲ್ಲೂಕು 2018ರಲ್ಲಿ ಕಣ್ಣಿಗೆ ಬಿದ್ದ ಮೇಲೆ ಆ ಸೌಲಭ್ಯ ಊರಲ್ಲೇ ಸಿಗುತ್ತಿದೆ, ಬಸ್ ಚಾರ್ಜು ಉಳಿದಿದೆ. ಇನ್ನು ಗೋಕಾಕವನ್ನು ಕಳಿಸಲು ಸರಕಾರವೇ ಬೇಕಾಯಿತು. ವಾಸುದೇವರಾವ್, ಹುಂಡೇಕಾರ, ಗದ್ದಿಗೌಡರ ಸಮಿತಿಗಳೆಲ್ಲ ಹೊಸ ಜಿಲ್ಲೆಗೆ ಗೋಕಾಕದ ಹೆಸರು ಹೇಳಿದವು. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ರಾಜ್ಯದಲ್ಲಿ ಏಳು ಹೊಸ ಜಿಲ್ಲೆ ಮಾಡಿತು. ಚಿಕ್ಕೋಡಿ, ಗೋಕಾಕಗಳನ್ನೂ ಜಿಲ್ಲೆಯೆಂದು ಸಾರಿತು. ಬೆಳಗಾವಿ ಒಡೆದರೆ ಗಡಿ ವಾದಕ್ಕೆ ಪೆಟ್ಟು ಬೀಳುತ್ತದೆಂಬ ಗದ್ದಲ ಎದ್ದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಒಂದು ಊರನ್ನು ಬಾ ಎಂದು ಕರೆದು, ಚಾ ಕೊಟ್ಟು, ಅದು ಕಪ್ಪು ಕೆಳಗಿಡುವುದರೊಳಗೆ ಕಳಿಸಿದ್ದು. ಆಮೇಲೆ ಮನವಿ ಹಿಡಿದು ಹೋದವರಿಗೆಲ್ಲ ಸಿಕ್ಕದ್ದು ‘ಅಂಡರ್ ಕನ್ಸಿಡರೇಶನ್’. ಹಾರ ಹಾಕಿ ಬಂದು, ಅದನ್ನೇ ಒಳ್ಳೆಯ ಸುದ್ದಿಯೆಂದು ಊರಿಗೆ ಹೇಳಿದವರೂ ಇದ್ದಾರೆ.

ಇಷ್ಟು ಪಕ್ವವಾದ ಏರ್ಪಾಟಿಗೆ ಒಂದೇ ಕುಂದು, ಇಂಗ್ಲಿಷ್ ಬಾರದವರು. ಇಂಥ ಒಬ್ಬ ಮುದುಕಿ ಪಿಂಚಣಿ ಕೇಳಲು ಕಚೇರಿಗೆ ಬಂದರೆ ಏನಾಗುತ್ತದೆ ನೋಡಿ. ‘ಸರ್ವರ್ ಬಂದಿಲ್ಲ ಆಯಿ’ ಅಂದರೆ ಹೋಗಬೇಕೆಂದು ಆಕೆಗೆ ಹೊಳೆಯುವುದಿಲ್ಲ. ‘ಬರ್ಲಿ ತಗೋ, ಪಾಪ, ಎಲ್ಲಿಂದ ಬರ್ಬೇಕೋ’ ಎಂದು ಬಾಗಿಲಿಗೆ ಅಡ್ಡ ಕುಳಿತು, ಬುತ್ತಿಗಂಟು ಬಿಚ್ಚಿ ರೊಟ್ಟಿ ಮುರಿಯುತ್ತಾಳೆ. ಒಳಗೆ ಹೋಗುವ ಪ್ರತಿಯೊಬ್ಬರನ್ನೂ ‘ಸರ್ವರಪ್ಪಾ ಅಂದ್ರ ನೀನ ಏನೋ?’ ಎಂದು ಕೇಳುತ್ತಾಳೆ. ಸಂಜೆ ನಾಲ್ಕಕ್ಕೆ ಸರ್ವರು ತಾನಾಗಿಯೇ ಬರುತ್ತದೆ. ಇಂಥವರಿಗಾಗಿ ಮೂರೂ ತಾಲ್ಲೂಕುಗಳಲ್ಲಿ ರಾತ್ರಿ ಶಾಲೆ ತೆರೆದು ಇಂಗ್ಲಿಷ್ ಕಲಿಸುವುದು ತುರ್ತಾಗಿ ಆಗಬೇಕು. ತಡಮಾಡಿದರೆ ಬಾಗಿಲಲ್ಲಿ ಕುಳಿತು ರೊಟ್ಟಿ ತಿನ್ನುವ ಚಟ ಕಾಕಾನಿಗೂ ಹತ್ತೀತು.