ರಾಸ್‌ಬೆರಿಗೆ ಚಳಿ ಸಾಲದು
ಬೆಂಗಳೂರಿನ ನಮ್ಮ ತಾರಸಿಗೆ ರಾಸ್‌ಬೆರಿಯೇ ಬೇಕೆಂದು ಹಟ ಹಿಡಿದು ನರ್ಸರಿಗೆ ಹೋದೆ. "ಅದಕ್ಕೆ ವಾರಗಟ್ಟಲೆ ಕೊರೆಯೋ ಚಳಿ ಬೇಕು ಸಾರ್, ನಮ್ಮ ಡಿಸೆಂಬರ್ ಸಾಲಲ್ಲ" ಎಂದ ಮಾಲಿ. ಮಂಕಿಕ್ಯಾಪ್ ಇಲ್ಲದೆ ಹಾಲು ತರಲೂ ಹೊರಡದ ನನಗೆ ಇದು ಅವಮಾನವೆನಿಸಿತು.

ಸ್ಟ್ರಾಬೆರಿ ತಂದೆ. ಬಿಟ್ಟದ್ದು ಮೂರೇ ಹಣ್ಣು. ಎರಡು ಬಸವನಹುಳುವಿಗೆ ನೈವೇದ್ಯ. ಉಳಿದೊಂದನ್ನು ನಾಲ್ಕು ಜನ ಹಂಚಿಕೊಂಡು ತಿಂದೆವು, ಚಾಕುವಿಗೆ ಅಂಟಿದ್ದೂ ಬಿಡಲಿಲ್ಲ.

ಕೊನೆಗೆ ನಮ್ಮವಳು ಕನಕಪುರದ ತವರಿನಿಂದ ಹಿಪ್ಪುನೇರಳೆ ಕಡ್ಡಿ ತಂದು ಕಾಂಪೌಂಡಿನ ಪಕ್ಕ ಚುಚ್ಚಿದಳು. "ರೇಷ್ಮೆಹುಳುವಿನ ಮೇವು" ಎಂದು ಮೂಗು ಮುರಿದಿದ್ದೆ. ಈಗ ಸವರಿದಷ್ಟೂ ಚಿಗುರು, ಚಿಗುರಿನ ಜೊತೆಗೇ ಹಣ್ಣು. ಪಿಕಳಾರ, ಕೋಗಿಲೆ, ಪಕ್ಕದ ಮನೆ ಹುಡುಗರು ತಿಂದು ಮಿಕ್ಕಿದ್ದು ನಮಗೆ. ಕಲೆ ಮಾತ್ರ ಪೂರ್ತಿ ನನ್ನ ಬಿಳಿ ಪಂಚೆಗೆ.